ಕಟ್ಟಡದ ಇಂಗಾಲದ ಲೆಕ್ಕ: ರಾತ್ರಿಯ ಮೀಟರ್‌ನಿಂದ ಶುರು ಮಾಡೋಣ

ಕಟ್ಟಡಗಳ ಇಂಗಾಲ ತಗ್ಗಿಸುವುದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ಸೀದಾ ಸೋಲಾರ್ ಪ್ಯಾನೆಲ್‌ಗೆ ಹೋಗುತ್ತೇವೆ. ನನ್ನ ಮಟ್ಟಿಗೆ ಅದು ಆಮೇಲಿನ ಮಾತು. ಕಟ್ಟಡ ಎಷ್ಟು ಕರೆಂಟು ಉಣ್ಣುತ್ತಿದೆ, ಯಾವ ಹೊತ್ತಿನಲ್ಲಿ ಉಣ್ಣುತ್ತಿದೆ ಎನ್ನುವುದು ಮೊದಲು ಗೊತ್ತಾಗಬೇಕು.

ಎಷ್ಟು ಎಂಬುದಕ್ಕೆ ಅಳತೆ ಇಪಿಐ, ಅಂದರೆ ಎನರ್ಜಿ ಪರ್ಫಾರ್ಮೆನ್ಸ್ ಇಂಡೆಕ್ಸ್. ವರ್ಷದ ಒಟ್ಟು ಯೂನಿಟ್‌ಗಳನ್ನು ಚದರ ಮೀಟರ್ ಲೆಕ್ಕದ ವಿಸ್ತೀರ್ಣದಿಂದ ಭಾಗಿಸಿದರೆ ಆಯಿತು. 2,000 ಚದರ ಮೀಟರ್ ಕಚೇರಿಯೊಂದು 2,40,000 ಯೂನಿಟ್ ಬಳಸಿದರೆ ಇಪಿಐ 120. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸರಾಸರಿ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವರ್ಷಕ್ಕೆ 168 ಟನ್. ವಿಸ್ತೀರ್ಣ ಚದರ ಅಡಿಯಲ್ಲಿದ್ದರೆ 10.76ರಿಂದ ಭಾಗಿಸುವುದನ್ನು ಮರೆಯಬೇಡಿ.

ಇನ್ನು ಯಾವ ಹೊತ್ತು? ಅದೇ ಕಚೇರಿಯ ಮೀಟರನ್ನು ರಾತ್ರಿ 10ಕ್ಕೊಮ್ಮೆ, ಬೆಳಿಗ್ಗೆ 6ಕ್ಕೊಮ್ಮೆ ಓದಿ ಬರೆದುಕೊಂಡೆವು ಅನ್ನಿ. ವ್ಯತ್ಯಾಸ 96 ಯೂನಿಟ್. ಎಂದರೆ ಒಳಗೆ ಯಾರೂ ಇಲ್ಲದ ಎಂಟು ಗಂಟೆ ಕಾಲ 12 ಕಿಲೋವ್ಯಾಟ್ ಹರಿಯುತ್ತಲೇ ಇತ್ತು. ವರ್ಷಕ್ಕೆ 35,040 ಯೂನಿಟ್, ಸುಮಾರು 24.5 ಟನ್ ಇಂಗಾಲದ ಡೈಆಕ್ಸೈಡ್. ಒಟ್ಟು ಬಳಕೆಯ ಏಳನೇ ಒಂದು ಪಾಲಿಗಿಂತ ಹೆಚ್ಚು! ಸರ್ವರ್ ಕೋಣೆ, ಕಾವಲಿನ ದೀಪ ಬೇಕು, ಸರಿ. ಆದರೆ ಟಾರ್ಚ್ ಹಿಡಿದು ಒಂದು ಸುತ್ತು ಬಂದರೆ ಖಾಲಿ ಮೀಟಿಂಗ್ ರೂಮಿನ ಎಸಿ, ಶೌಚಾಲಯದ ಎಕ್ಸಾಸ್ಟ್ ಫ್ಯಾನ್, ಬಿಸಿಯಾಗಿಯೇ ಕೂತ ಕಾಫಿ ಯಂತ್ರ ಸಿಗುತ್ತವೆ. ಇವನ್ನು ನಿಲ್ಲಿಸಲು ಟೈಮರ್ ಸಾಕು, ದೊಡ್ಡ ಬಂಡವಾಳ ಬೇಡ.

ಹಗಲಿನ ಬಳಕೆಯಲ್ಲಿ ನೆನಪಿಡಬೇಕಾದದ್ದು ಘನ ನಿಯಮ. ಫ್ಯಾನಿನ ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ 0.8 × 0.8 × 0.8, ಅಂದರೆ ಹೆಚ್ಚುಕಡಿಮೆ ಅರ್ಧ. ಎಸಿಯ ದೊಡ್ಡ ಬ್ಲೋವರ್‌ಗಳಿಗೆ ವಿಎಫ್‌ಡಿ (ಮೋಟಾರಿನ ವೇಗವನ್ನು ಬೇಕಾದಂತೆ ಹೊಂದಿಸುವ ಸಾಧನ) ಹಾಕುವುದು ಇದೇ ಕಾರಣಕ್ಕೆ. 2020ರಿಂದ ಸ್ಟಾರ್ ರೇಟಿಂಗ್‌ನ ರೂಮ್ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ, ಅದನ್ನು 18ಕ್ಕೆ ಇಳಿಸದಿದ್ದರೆ ಸಾಕು.

ನನಗೆ ತುಂಬ ಹಿಡಿಸಿದ ಉದಾಹರಣೆ ಹೈದರಾಬಾದಿನದು. ಅಲ್ಲಿ ಇನ್ಫೋಸಿಸ್ ಒಂದೇ ಕಟ್ಟಡವನ್ನು ಎರಡು ಸಮಪಾಲು ಮಾಡಿ, ಒಂದಕ್ಕೆ ಗಾಳಿ ಬೀಸುವ ಮಾಮೂಲಿ ಎಸಿ, ಇನ್ನೊಂದಕ್ಕೆ ಕಾಂಕ್ರೀಟ್ ಚಾವಣಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಮಾಡಿತು. ಬಿಸಿಲು ಒಂದೇ, ಕೆಲಸವೂ ಒಂದೇ ಬಗೆಯದು. ಎರಡು ವರ್ಷದ ಅಳತೆಯಲ್ಲಿ ಎರಡನೆಯ ಪಾಲು ತಂಪಿಗಾಗಿ ಬಳಸಿದ ವಿದ್ಯುತ್ ಸುಮಾರು 34% ಕಡಿಮೆ. ಕಾರಣ ಸರಳ: ಅಷ್ಟೇ ಗಾತ್ರದ ಗಾಳಿಗಿಂತ ನೀರು 3,000ಕ್ಕೂ ಹೆಚ್ಚು ಪಟ್ಟು ಶಾಖ ಹೊರುತ್ತದೆ, ಹಾಗಾಗಿ ಬೃಹತ್ ಫ್ಯಾನಿನ ಕೆಲಸವನ್ನು ಸಣ್ಣ ಪಂಪು ಮಾಡಿಬಿಡುತ್ತದೆ. ಆದರೆ ಚಾವಣಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗತೊಡಗುವ ಉಷ್ಣತೆ) ತಣ್ಣಗಾದರೆ ಮೈಮೇಲೆ ಹನಿ ಬೀಳುತ್ತದೆ. ಅದಕ್ಕೇ ಹೊರಗಿನ ಗಾಳಿಯ ತೇವವನ್ನು ಬೇರೆಯಾಗಿ ತೆಗೆದೇ ಒಳಗೆ ಬಿಡಬೇಕು. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಈ ಕೆಲಸದ ಹೊರೆ ಇನ್ನೂ ಜಾಸ್ತಿ.