ಕಮಾನು ಇಲ್ಲದ ಪೇಟೆಗಳನ್ನು ಹುಡುಕೋದು ಹೇಗೆ?

ಪ್ರಶ್ನೆ: ಹೊರದೇಶಕ್ಕೆ ಪ್ರವಾಸ ಹೋದಾಗಲೆಲ್ಲ ಒಂದು ಚೈನಾಟೌನ್ ನೋಡಿ ಬರುತ್ತೇವೆ. ಅದೇ ಕೆಂಪು ಕಮಾನು, ಅದೇ ಲಾಂದ್ರಗಳು. ಏಷ್ಯಾದ ಬೇರೆ ಬೇರೆ ದೇಶಗಳಿಂದ ಹೋಗಿ ನೆಲೆಸಿದವರ, ಪ್ರವಾಸಿಗರು ಅಷ್ಟಾಗಿ ಹೋಗದ ಬಡಾವಣೆಗಳನ್ನು ಹುಡುಕೋದು ಹೇಗೆ? ಮತ್ತೆ, ಜನ ತಮ್ಮ ಪಾಡಿಗೆ ಬದುಕುತ್ತಿರುವಲ್ಲಿ ಹೋಗಿ ನೋಡುತ್ತಾ ನಿಲ್ಲೋದು ಸರಿಯಾ?

ಉತ್ತರ: ಮೊದಲು ಆ ಕಮಾನಿನ ಕಥೆ ಹೇಳಿಬಿಡುತ್ತೇನೆ. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪವಾಯಿತು, ಹಿಂದೆಯೇ ಬೆಂಕಿ ಬಿತ್ತು. ಚೀನೀಯರ ಬಡಾವಣೆ ಸುಟ್ಟು ಬೂದಿಯಾಯಿತು. ಊರ ನಡುವಿನ ಬೆಲೆಬಾಳುವ ಜಾಗ ಅದು. ಇದೇ ನೆಪದಲ್ಲಿ ಇವರನ್ನು ಊರಾಚೆ ಸಾಗಹಾಕೋಣ ಅಂತ ಅಧಿಕಾರದಲ್ಲಿದ್ದವರು ಹೊರಟರು. ಚೀನೀ ವ್ಯಾಪಾರಿಗಳು ಜಾಣರು. ಬಿಳಿಯ ವಾಸ್ತುಶಿಲ್ಪಿಗಳನ್ನೇ ಕರೆಸಿ, ಪಗೋಡಾದಂಥ ಮಾಡು ಹೊತ್ತ ಬಣ್ಣಬಣ್ಣದ ಕಟ್ಟಡಗಳನ್ನು ಎಬ್ಬಿಸಿದರು. ನೋಡೋಕೆ ಜನ ಬರಲಿ, ಊರಿಗೆ ನಾಲ್ಕು ಕಾಸು ಆಗಲಿ, ಆಗ ನಮ್ಮನ್ನು ಎಬ್ಬಿಸೋದು ಕಷ್ಟವಾಗುತ್ತದೆ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿಹೋಯಿತು. ಆಮೇಲೆ ಎಷ್ಟೋ ಊರುಗಳ ಚೈನಾಟೌನ್ ಅದೇ ವೇಷ ತೊಟ್ಟವು.

ಆ ವೇಷವನ್ನು ಹೀಗಳೆಯುತ್ತಿಲ್ಲ. ಉಳಿಯೋಕೆ ಹಾಕಿದ ವೇಷ ಅದು. ಆದರೆ ನಮಗಾಗಿ ಹಾಕಿದ್ದು ಅನ್ನೋದು ಗೊತ್ತಿರಲಿ. ಯಾರಿಗೂ ತೋರಿಸುವ ಉದ್ದೇಶವಿಲ್ಲದ ಪೇಟೆಗಳಿಗೆ ಕಮಾನು ಇರಲ್ಲ, ಗೈಡ್ ಪುಸ್ತಕದಲ್ಲಿ ಅರ್ಧ ಪುಟವೂ ಇರಲ್ಲ. ಅವನ್ನು ಹುಡುಕೋಕೆ ನಾನು ಇಟ್ಟುಕೊಂಡಿರುವುದು ಒಂದೇ ಪ್ರಶ್ನೆ: ಇವರು ಇಲ್ಲೇ ಯಾಕೆ ಬಂದು ನಿಂತರು? ಇಷ್ಟು ದೊಡ್ಡ ಊರು ಬಿಟ್ಟು ಇದೇ ರೈಲು ನಿಲ್ದಾಣದ ಪಕ್ಕ ಯಾಕೆ?

ಟೋಕಿಯೊದ ಪೂರ್ವ ಭಾಗದಲ್ಲಿ, ಎದೊಗಾವಾ ವಾರ್ಡಿನಲ್ಲಿ, ನಿಶಿ-ಕಸಾಯ್ ಅಂತ ಒಂದು ಬಡಾವಣೆ ಇದೆ. ಇಳಿದು ನೋಡಿದರೆ ಸಾಲು ಸಾಲು ಅಪಾರ್ಟ್‌ಮೆಂಟು, ಒಂದಿಷ್ಟು ಪಾರ್ಕು. ಇಲ್ಲಿ ನೋಡೋಕೆ ಏನಿದೆ ಅನ್ನಿಸುತ್ತದೆ. ಆದರೆ ಸಂಜೆ ಪಾರ್ಕಿನ ಬೆಂಚಿನಲ್ಲಿ ಕಿವಿಗೊಟ್ಟು ಕೂತರೆ ಭಾರತದ ನಾಲ್ಕಾರು ಭಾಷೆ ಕೇಳಿಸುತ್ತವೆ. ಇದರ ಮೂಲ ಎಲ್ಲಿದೆ ಗೊತ್ತಾ? 2000ನೇ ಇಸವಿ ಹುಟ್ಟಿದ ಕ್ಷಣ ಕಂಪ್ಯೂಟರುಗಳು ತಾರೀಕು ತಿಳಿಯದೆ ಕೈಕೊಡುತ್ತವೆ ಅನ್ನೋ ವೈಟುಕೆ ಭಯದಲ್ಲಿ. ಜಪಾನಿನ ಬ್ಯಾಂಕುಗಳಿಗೂ ಷೇರು ಕಂಪನಿಗಳಿಗೂ ಆಗ ಎಂಜಿನಿಯರುಗಳು ಬೇಕಾದರು, ಭಾರತದಿಂದ ಹುಡುಗರು ಹೋದರು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ಟೋಕಿಯೊದಲ್ಲಿ ಬಾಡಿಗೆಗೆ ಮನೆ ಹಿಡಿಯಬೇಕಾದರೆ ಮಾಲೀಕರಿಗೆ ವಾಪಸ್ ಬಾರದ 'ಕಾಣಿಕೆ ಹಣ' ಕೊಡುವ ಪದ್ಧತಿ ಇದೆ, ಜೊತೆಗೆ ಆಗ ಜಾಮೀನು ನಿಲ್ಲೋಕೆ ಒಬ್ಬರು ಬೇಕಾಗಿತ್ತು. ನಿನ್ನೆ ವಿಮಾನ ಇಳಿದವನಿಗೆ ಜಾಮೀನು ಯಾರು ಕೊಡುತ್ತಾರೆ? ಹೊರದೇಶದವರು ಅಂದರೆ ಬಾಗಿಲು ಹಾಕಿಕೊಳ್ಳುವ ಮಾಲೀಕರೂ ಕಮ್ಮಿ ಇರಲಿಲ್ಲ. ನಿಶಿ-ಕಸಾಯ್‌ನಲ್ಲಿ ಸರ್ಕಾರಿ ವಸತಿ ಸಂಸ್ಥೆಯ ದೊಡ್ಡ ದೊಡ್ಡ ಸಮುಚ್ಚಯಗಳಿದ್ದವು. ಅಲ್ಲಿ ಕಾಣಿಕೆ ಹಣವೂ ಬೇಡ, ಜಾಮೀನೂ ಬೇಡ. ಸಂಬಳ ಇಷ್ಟಿದೆ ಅಂತ ತೋರಿಸಿದರೆ ಸಾಕು. ಮೇಲಾಗಿ ಆ ನಿಲ್ದಾಣದಿಂದ ತೊಜಾಯ್ ಮೆಟ್ರೊ ಹತ್ತಿದರೆ, ರೈಲು ಬದಲಿಸದೆ, ಬ್ಯಾಂಕುಗಳೇ ತುಂಬಿರುವ ಒಟೆಮಾಚಿಗೆ ಹೋಗಿ ಇಳಿಯಬಹುದು. ಅಷ್ಟೇ ಕಾರಣ. ದಿನಸಿ ಅಂಗಡಿ, ಊಟದ ಮನೆ, ಭಾರತೀಯ ಶಾಲೆ, ದೀಪಾವಳಿ ಮೇಳ ಎಲ್ಲ ಆಮೇಲೆ ಬಂದವು.

ಒಂದು ಬಾಡಿಗೆ ನಿಯಮ, ಒಂದು ರೈಲು ಮಾರ್ಗ. ಇದು ಗೊತ್ತಾದ ಮೇಲೆ ಆ ಬೂದು ಬಣ್ಣದ ಕಟ್ಟಡಗಳೇ ನೋಡುವ ವಸ್ತುವಾಗುತ್ತವೆ. ಗೊತ್ತಿಲ್ಲದಿದ್ದರೆ ಒಂದು ಪ್ಲೇಟ್ ಬಿರಿಯಾನಿ ತಿಂದು ವಾಪಸ್ ಬರುತ್ತೀರಿ.

ಜೆಕ್ ದೇಶದ ರಾಜಧಾನಿ ಪ್ರೇಗ್ ಇನ್ನೊಂದು ಉದಾಹರಣೆ. ಅಲ್ಲಿಗೆ ಹೋದವರು ಚಾರ್ಲ್ಸ್ ಸೇತುವೆ, ಕೋಟೆ ನೋಡುತ್ತಾರೆ. ರಾತ್ರಿ ಹೊತ್ತಾದ ಮೇಲೂ ತೆರೆದಿರುವ ಚಿಕ್ಕ ಕಿರಾಣಿ ಅಂಗಡಿಯಲ್ಲಿ ನೀರಿನ ಬಾಟಲಿ ಕೊಳ್ಳುತ್ತಾರೆ. ಗಲ್ಲಾದ ಹಿಂದೆ ಕೂತವರು ವಿಯೆಟ್ನಾಮಿನವರು ಅನ್ನೋದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲ್ಲ. ಅಂಥ ಅಂಗಡಿಗಳಿಗೆ ಮಾಲು ಎಲ್ಲಿಂದ ಬರುತ್ತದೆ? ಊರಿನ ದಕ್ಷಿಣದ ಅಂಚಿನಲ್ಲಿರುವ ಸಾಪಾ ಅನ್ನೋ ಸಗಟು ಮಾರುಕಟ್ಟೆಯಿಂದ. ಹಿಂದೆ ಅದು ಮಾಂಸ ಸಂಸ್ಕರಣೆ ಮಾಡುತ್ತಿದ್ದ ಕಾರ್ಖಾನೆಯ ಆವರಣ. ಈಗ ವಿಯೆಟ್ನಾಮಿನ ಉತ್ತರದ ಒಂದು ಬೆಟ್ಟದೂರಿನ ಹೆಸರು ಹೊತ್ತಿದೆ. ಮೆಟ್ರೊದಲ್ಲಿ ಕಾಚೆರೊವ್ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬೇಕು.

ಒಳಗೆ ಹೋದರೆ ಯಾವುದೋ ಗೋದಾಮಿಗೆ ನುಗ್ಗಿಬಿಟ್ಟೆವಾ ಅನ್ನಿಸುತ್ತದೆ. ತಗಡಿನ ಶೆಡ್ಡುಗಳು. ರಟ್ಟಿನ ಪೆಟ್ಟಿಗೆ ಆಳೆತ್ತರ ಪೇರಿಸಿಕೊಂಡು ಬರುವ ತಳ್ಳುಗಾಡಿಗಳು. ಒಂದು ಮಳಿಗೆಯಲ್ಲಿ ಕಾಲುಚೀಲ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು, ಅದರ ಪಕ್ಕ ಉಗುರಿಗೆ ಬಣ್ಣ ಹಚ್ಚುವ ಪಾರ್ಲರಿಗೆ ಬೇಕಾದ ಸಾಮಾನು. ಕ್ಷೌರದಂಗಡಿ, ವಿಮೆ ಮಾಡಿಸುವವರು, ಕಾಗದಪತ್ರ ಅನುವಾದ ಮಾಡಿಕೊಡುವವರು, ಒಂದು ಬೌದ್ಧ ಗುಡಿ. ನಡುನಡುವೆ ಅಡುಗೆಮನೆಗಳು. ತಗ್ಗಾದ ಸ್ಟೂಲಿನ ಮೇಲೆ ಕೂತರೆ ಫೊ ಬರುತ್ತದೆ. ಮೂಳೆ ಬೇಯಿಸಿದ ಸಾರು, ಅಕ್ಕಿ ಶಾವಿಗೆ, ಪಕ್ಕದ ತಟ್ಟೆಯಲ್ಲಿ ಸೊಪ್ಪು, ನಿಂಬೆ ಹೋಳು, ಹಸಿಮೆಣಸು. ಎದುರಿಗೆ ಕೂತು ಉಣ್ಣುವವರು ಬೆಳಗ್ಗೆಯೇ ವ್ಯಾನು ತಂದು, ವಾರದ ಮಾಲು ತುಂಬಿಸಿಕೊಂಡು ಹೊರಟ ಅಂಗಡಿಯವರು.

ಇವರು ಪ್ರೇಗ್‌ಗೆ ಯಾಕೆ ಬಂದರು? ಎರಡೂ ಸಮಾಜವಾದಿ ದೇಶಗಳಾಗಿದ್ದ ಕಾಲದಲ್ಲಿ, 70 ಮತ್ತು 80ರ ದಶಕದಲ್ಲಿ, ಜೆಕೊಸ್ಲೊವಾಕಿಯಾ ಮತ್ತು ವಿಯೆಟ್ನಾಂ ಸರ್ಕಾರಗಳ ಒಪ್ಪಂದದ ಮೇಲೆ ಬಂದರು. ವಿದ್ಯಾರ್ಥಿಗಳಾಗಿ, ಕೆಲಸ ಕಲಿಯುವವರಾಗಿ, ಕಾರ್ಖಾನೆ ಕಾರ್ಮಿಕರಾಗಿ. 1989ರಲ್ಲಿ ಆಡಳಿತವೇ ಬದಲಾಯಿತು, ಒಪ್ಪಂದದ ಕೆಲಸ ಹೋಯಿತು. ಉಳಿದುಕೊಂಡವರು ಬೀದಿಬದಿ ಬಟ್ಟೆ ಮಾರಿದರು, ಆಮೇಲೆ ಅಂಗಡಿ ಹಾಕಿದರು. ಬೆಳಗಿಂದ ರಾತ್ರಿವರೆಗೆ ಅಂಗಡಿಯಲ್ಲೇ ಇರಬೇಕಾದ್ದರಿಂದ ಎಷ್ಟೋ ಮನೆಗಳವರು ಮಕ್ಕಳನ್ನು ನೋಡಿಕೊಳ್ಳೋಕೆ ಪಕ್ಕದ ಜೆಕ್ ಅಜ್ಜಿಯರನ್ನು ಗೊತ್ತುಮಾಡಿದರು. ಆ ಮಕ್ಕಳು ಅಜ್ಜಿಯ ತೊಡೆಯ ಮೇಲೆ ಜೆಕ್ ಕಲಿತವರು. 2013ರಲ್ಲಿ ವಿಯೆಟ್ನಾಮೀಯರಿಗೆ ಅಲ್ಲಿ ಅಧಿಕೃತ ಅಲ್ಪಸಂಖ್ಯಾತರ ಸ್ಥಾನ ಸಿಕ್ಕಿತು.

ಇನ್ನು ಕೆಲವು ಬೇಗ ಹೇಳಿಬಿಡುತ್ತೇನೆ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಇಮ್ಮರ್‌ಮಾನ್ ಬೀದಿಯ ಸುತ್ತ ಜಪಾನಿಗಳ ಪೇಟೆ ಇದೆ. ಕಾರಣ ರೂರ್ ಪ್ರದೇಶದ ಉಕ್ಕು ಮತ್ತು ಯಂತ್ರ. ಯುದ್ಧ ಮುಗಿದ ಮೇಲೆ ಅದನ್ನು ಕೊಳ್ಳೋಕೆ ಜಪಾನಿ ಕಂಪನಿಗಳು ಬಂದು ಕಚೇರಿ ತೆರೆದವು. ಲಂಡನ್ನಿನ ನೈಋತ್ಯದ ನ್ಯೂ ಮಾಲ್ಡನ್‌ನಲ್ಲಿ ಕೊರಿಯನ್ನರಿದ್ದಾರೆ. ದಕ್ಷಿಣದವರು ಮಾತ್ರ ಅಲ್ಲ, ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದ ಕೆಲವು ನೂರು ಜನರೂ ಅಲ್ಲೇ. ಗಡಿಯ ಆಚೆ ಈಚೆ ಭೇಟಿಯಾಗಲಾಗದವರು ಇಲ್ಲಿ ಒಂದೇ ಅಂಗಡಿಯಲ್ಲಿ ಕಿಮ್ಚಿ ಕೊಳ್ಳುತ್ತಾರೆ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ದೊಂಗ್‌ದೆಮುನ್ ಹತ್ತಿರ ಜನ ಮಂಗೋಲ್ ಟವರ್ ಅಂತ ಕರೆಯುವ ಒಂದು ಎತ್ತರದ ಕಟ್ಟಡವಿದೆ, ಪಕ್ಕದ ಓಣಿಗಳಲ್ಲಿ ಉಜ್ಬೆಕ್ ರೊಟ್ಟಿ ಸಿಗುತ್ತದೆ, ಬೋರ್ಡುಗಳು ರಷ್ಯನ್ ಲಿಪಿಯಲ್ಲಿ. 1990ರಲ್ಲಿ ಮಂಗೋಲಿಯಾ ಮತ್ತು ಆಗ ಉಜ್ಬೆಕಿಸ್ತಾನವೂ ಸೇರಿದ್ದ ಸೋವಿಯತ್ ಒಕ್ಕೂಟದ ಜೊತೆ ಕೊರಿಯಾಗೆ ಸಂಬಂಧ ಕುದುರಿದ ಮೇಲೆ ದೊಂಗ್‌ದೆಮುನ್ ಮಾರುಕಟ್ಟೆಯ ಬಟ್ಟೆ ಕೊಳ್ಳೋಕೆ ಬಂದ ವ್ಯಾಪಾರಿಗಳು ಬಿಟ್ಟ ಗುರುತು ಅದು.

ಈಗ ಹುಡುಕುವ ಉಪಾಯ. ಮ್ಯಾಪ್‌ನಲ್ಲಿ ರೆಸ್ಟೋರೆಂಟ್ ಅಂತ ಹುಡುಕಬೇಡಿ. ಥಾಯ್ ಊಟ, ಭಾರತದ ಊಟ ಯಾವ ಊರಿನ ಯಾವ ಮೂಲೆಯಲ್ಲೂ ಸಿಗುತ್ತದೆ, ಅದು ಪೇಟೆಯ ಗುರುತಲ್ಲ. ದಿನಸಿ ಅಂಗಡಿ ಹುಡುಕಿ, ಊರಿಗೆ ದುಡ್ಡು ಕಳಿಸುವ ಅಂಗಡಿ ಹುಡುಕಿ, ಕ್ಷೌರದಂಗಡಿ, ಟ್ಯೂಷನ್ ಸೆಂಟರ್, ದೇವಸ್ಥಾನ ಅಥವಾ ಮಸೀದಿ ಹುಡುಕಿ. ಇವು ಐದೂ ಹತ್ತಿರ ಹತ್ತಿರ ಇದ್ದರೆ ಅಲ್ಲಿ ಜನ ಸಂಸಾರ ಮಾಡುತ್ತಿದ್ದಾರೆ ಅಂತ ಅರ್ಥ. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನ 74ನೇ ಬೀದಿ ಭಾರತೀಯರ ಪೇಟೆಯಾಗಿ ಕುದುರಿದ್ದು ಹೋಟೆಲಿನಿಂದಲ್ಲ. 70ರ ದಶಕದಲ್ಲಿ ಅಲ್ಲಿ 220 ವೋಲ್ಟಿನ ವಿದ್ಯುತ್ ಸಾಮಾನು ಸಿಗುತ್ತಿತ್ತು. ಅಮೆರಿಕದ ಕರೆಂಟು 120 ವೋಲ್ಟ್, ಅಲ್ಲಿನ ಮಿಕ್ಸಿಯನ್ನು ಊರಿಗೆ ಒಯ್ದರೆ ಸುಟ್ಟೇ ಹೋಗುತ್ತದೆ. ಅದಕ್ಕೇ ರಜೆಗೆ ಊರಿಗೆ ಹೊರಟವರೆಲ್ಲ ಮೊದಲು ಆ ಬೀದಿಗೆ ಹೋಗುತ್ತಿದ್ದರು. ಇವತ್ತು ಅದೇ ಸುತ್ತಮುತ್ತ ನೇಪಾಳಿಗಳು, ಟಿಬೆಟಿಯನ್ನರು, ಬಾಂಗ್ಲಾದೇಶಿಗಳು ಜಾಸ್ತಿ. ಅಂಗಡಿ ಗಾಜಿಗೆ ಅಂಟಿಸಿದ ಚೀಟಿಗಳನ್ನು ನೋಡಿ: ರೂಮು ಬಾಡಿಗೆಗಿದೆ, ಡ್ರೈವಿಂಗ್ ಕಲಿಸುತ್ತೇವೆ. ಯಾವ ಲಿಪಿ ಹಳೆಯದಾಗಿ ಮಾಸಿದೆ, ಯಾವುದು ಹೊಸದಾಗಿ ಅಂಟಿದೆ ಅನ್ನೋದರಲ್ಲೇ ಪೇಟೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಮಾರುಕಟ್ಟೆಗೆ ಹೋಗೋದು ತಪ್ಪೇನಲ್ಲ, ಅದು ಇರೋದೇ ಜನ ಬರಲಿ ಅಂತ. ಏನಾದರೂ ಕೊಳ್ಳಿ, ಊಟ ಮಾಡಿ, ನಗದು ಇಟ್ಟುಕೊಂಡಿರಿ. ಸಾಪಾದಂಥ ಕಡೆ ತಳ್ಳುಗಾಡಿಗೆ ಅಡ್ಡ ನಿಂತು ಸೆಲ್ಫಿ ತೆಗೆದರೆ ಮಾತ್ರ ಬೈಸಿಕೊಳ್ಳುತ್ತೀರಿ, ಬೈಯಲೇಬೇಕು. ಆದರೆ ಅಪಾರ್ಟ್‌ಮೆಂಟಿನ ಅಂಗಳ ಮಾರುಕಟ್ಟೆಯಲ್ಲ. ನಿಶಿ-ಕಸಾಯ್‌ನಲ್ಲಿ ಒಣಹಾಕಿದ ಬಟ್ಟೆಗೆ, ಆಡುವ ಮಕ್ಕಳಿಗೆ ಕ್ಯಾಮೆರಾ ಹಿಡಿಯೋದು ಸರಿಯಲ್ಲ.

ಕಥೆ ಕೇಳೋದರಲ್ಲೂ ಒಂದು ಮಿತಿ ಬೇಕು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಅನಾಹೈಮ್ ಬೀದಿಯುದ್ದಕ್ಕೂ ಕಾಂಬೋಡಿಯಾದವರ ಪೇಟೆ ಇದೆ, 2007ರಲ್ಲಿ ನಗರವೇ ಅದಕ್ಕೆ ಕಾಂಬೋಡಿಯಾ ಟೌನ್ ಅಂತ ಹೆಸರಿಟ್ಟಿತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಓದೋಕೆ ಅಂತ ಮೊದಲೇ ಬಂದಿದ್ದ ಬೆರಳೆಣಿಕೆಯ ಕಾಂಬೋಡಿಯನ್ನರಿದ್ದರು. 1975ರಲ್ಲಿ ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪಿನ ಕ್ರೂರ ಆಳ್ವಿಕೆ ಶುರುವಾಗಿ ನಿರಾಶ್ರಿತರು ಬರತೊಡಗಿದಾಗ ಆ ಪರಿಚಯದ ನೂಲು ಹಿಡಿದೇ ಬಂದರು. ಕ್ಯಾಲಿಫೋರ್ನಿಯಾದ ಡೋನಟ್ ಅಂಗಡಿಗಳಲ್ಲಿ ಬಹಳಷ್ಟು ಇವತ್ತಿಗೂ ಅವರ ಕೈಯಲ್ಲಿವೆ. ಬೆಳಗಿನ ಜಾವ ಎದ್ದು ಹಿಟ್ಟು ನಾದುವ ಕೆಲಸ, ಇಂಗ್ಲಿಷ್ ಜಾಸ್ತಿ ಬೇಕಾಗಿರಲಿಲ್ಲ, ಮನೆಮಂದಿಯೆಲ್ಲ ಸೇರಿ ನಡೆಸಬಹುದಿತ್ತು. ಆ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ನಿಮ್ಮ ಕೈಗೆ ಡೋನಟ್ ತುಂಬಿದ ಗುಲಾಬಿ ಬಣ್ಣದ ಡಬ್ಬಿ ಕೊಟ್ಟಾಗ, ನೀವು ಯಾವಾಗ ಬಂದಿರಿ, ಅಲ್ಲಿ ಏನಾಯಿತು ಅಂತ ಕೇಳೋಕೆ ಹೋಗಬೇಡಿ. ಅವರಾಗಿ ಹೇಳಿದರೆ ಕೇಳಿ. ಏಪ್ರಿಲ್ ಮಧ್ಯದಲ್ಲಿ, ಅವರ ಹೊಸ ವರ್ಷದ ಹೊತ್ತಿಗೆ ಹೋದರೆ ಒಳ್ಳೆಯದು. ಹಾಗೇ ಪ್ಯಾರಿಸ್ಸಿನಲ್ಲಿ ಗಾರ್ ದು ನೋರ್ ನಿಲ್ದಾಣದ ಹಿಂದಿನ ಲಾ ಶಾಪೆಲ್‌ನಲ್ಲಿ ಶ್ರೀಲಂಕಾ ತಮಿಳರು ಬೇಸಿಗೆ ಮುಗಿಯುವ ಹೊತ್ತಿಗೆ ಗಣೇಶನ ತೇರು ಎಳೆಯುತ್ತಾರೆ, ರಸ್ತೆಗೆ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರೆ. ಅವರೇ ಬೀದಿಗೆ ಬರುವ ದಿನ ಹೋದರೆ ಇಣುಕಿ ನೋಡಿದ ಹಾಗೆ ಆಗಲ್ಲ, ಅಲ್ವಾ?

ಕೊನೆಗೊಂದು ಪೇಟೆ. ಸಾವೊ ಪಾಲೊದ ಲಿಬೆರ್ದಾಜಿ ಅಷ್ಟೇನೂ ಅಪರಿಚಿತವಲ್ಲ. 1908ರಲ್ಲಿ ಕಸಾತೊ ಮಾರು ಹಡಗಿನಲ್ಲಿ ಮೊದಲ ಜಪಾನಿಗಳು ಬ್ರೆಜಿಲಿಗೆ ಬಂದರು, ಕಾಫಿ ತೋಟದ ಕೂಲಿಗೆ. ತೋಟ ಬಿಟ್ಟು ಊರಿಗೆ ಬಂದವರು ಇಲ್ಲಿನ ನೆಲಮಾಳಿಗೆಗಳಲ್ಲಿ ಬಾಡಿಗೆ ಕಮ್ಮಿ ಅಂತ ಸೇರಿಕೊಂಡರು. ಬಾಡಿಗೆ ಯಾಕೆ ಕಮ್ಮಿ ಇತ್ತು? ಅಲ್ಲಿ ಹಿಂದೆ ನೇಣುಗಂಬವಿತ್ತು. ಗುಲಾಮರನ್ನು, ಬಡವರನ್ನು, ನೇಣಿಗೆ ಹಾಕಿದವರನ್ನು ಹೂಳುವ ಸ್ಮಶಾನವಿತ್ತು. ಸುತ್ತ ಕಪ್ಪು ಜನರ ಮನೆಗಳಿದ್ದವು. 2018ರಲ್ಲಿ ಒಂದು ಕಟ್ಟಡಕ್ಕೆ ಪಾಯ ಅಗೆಯುವ ಜಾಗದಲ್ಲಿ ಒಂಬತ್ತು ಅಸ್ಥಿಪಂಜರ ಸಿಕ್ಕವು. ಅದೇ ವರ್ಷ ಮೆಟ್ರೊ ನಿಲ್ದಾಣದ ಹೆಸರಿಗೆ 'ಜಪಾನ್' ಸೇರಿಸಿದರು. ಕಪ್ಪು ಜನರ ಸಂಘಟನೆಗಳಿಗೆ ಸಿಟ್ಟು ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ನಿಲ್ದಾಣದಿಂದ ಮೇಲೆ ಬಂದು ಲಾಂದ್ರಗಳ ಬೀದಿಗೆ ಹೊರಡುವ ಮುಂಚೆ ಹತ್ತಿರದ, ಮುಂದೆ ದಾರಿಯಿಲ್ಲದ ಒಂದು ಓಣಿಗೆ ಹೋಗಿ. ಓಣಿಯ ತುದಿಯಲ್ಲಿ 1779ರ ಪುಟ್ಟ ಚರ್ಚಿದೆ, ಸಂಕಟದಲ್ಲಿರುವವರ ಚರ್ಚು ಅಂತ ಹೆಸರು. 1821ರಲ್ಲಿ ಬಾಕಿ ಸಂಬಳ ಕೇಳಿ ದಂಗೆಯೆದ್ದು ನೇಣಿಗೇರಿದ ಶಾಗಿನ್ಯಾಸ್ ಅನ್ನೋ ಸೈನಿಕನಿಗೆ ಜನ ಅಲ್ಲಿ ಹರಕೆ ಹೊರುತ್ತಾರೆ. ಚೀಟಿ ಬರೆದಿಟ್ಟು, ಒಂದು ಹಳೆಯ ಮರದ ಬಾಗಿಲನ್ನು ಮೂರು ಸಲ ತಟ್ಟುತ್ತಾರೆ.