ಕಾರಿಲ್ಲದೆ ಕ್ರೀಟ್‌ನ ದಕ್ಷಿಣ ಕರಾವಳಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯಬಹುದಾ?

ಪ್ರಶ್ನೆ: ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗುವ ಯೋಚನೆ ಇದೆ. ದಕ್ಷಿಣದ ಕಡೆ ಬೆಟ್ಟ, ಸಮುದ್ರ, ಹಳ್ಳಿ ಎಲ್ಲ ಒಟ್ಟಿಗೇ ಸಿಗುತ್ತವೆ ಅಂತ ಕೇಳಿದ್ದೇವೆ. ಅಲ್ಲಿ ಕಾರು ಓಡಿಸುವ ಧೈರ್ಯ ಇಲ್ಲ, ಟೆಂಟ್ ಹೊರುವ ಶಕ್ತಿಯೂ ಇಲ್ಲ, ಮೀನು ಮಾಂಸ ತಿನ್ನುವುದಿಲ್ಲ ಬೇರೆ. ಹಳ್ಳಿಯಿಂದ ಹಳ್ಳಿಗೆ ನಡೆದುಕೊಂಡೇ ಹೋಗಬಹುದಾ?

ಉತ್ತರ: ಧಾರಾಳವಾಗಿ ಹೋಗಬಹುದು. ನಿಜ ಹೇಳಬೇಕೆಂದರೆ ಆ ಕರಾವಳಿಯಲ್ಲಿ ಕಾರು ಇದ್ದವರಿಗೇ ಕಷ್ಟ ಜಾಸ್ತಿ. ಒಂದು ತುದಿಯಲ್ಲಿ ಗಾಡಿ ನಿಲ್ಲಿಸಿ ನಡೆದು ಹೊರಟರೆ ಸಂಜೆ ಮತ್ತೆ ಅದೇ ಗಾಡಿ ಹತ್ತಿರ ಬರಬೇಕಲ್ಲ! ಕಾರಿಲ್ಲದವರಿಗೆ ಆ ಚಿಂತೆ ಇಲ್ಲ. ಬೆಳಗ್ಗೆ ಒಂದು ಊರು ಬಿಟ್ಟು, ಸಂಜೆ ಇನ್ನೊಂದು ಊರಿನಲ್ಲಿ ಮಲಗಬಹುದು.

ಇದಕ್ಕೆ ಕಾರಣ ಅಲ್ಲಿನ ನೆಲ. ಕ್ರೀಟ್‌ನ ಪಶ್ಚಿಮ ಭಾಗದಲ್ಲಿ ಲೆಫ್ಕಾ ಓರಿ ಎಂಬ ಬೆಟ್ಟಸಾಲು ಇದೆ. ಅದರ ಅತಿ ಎತ್ತರದ ಶಿಖರ ಪಾಹ್ನೆಸ್ 2453 ಮೀಟರ್. ಈ ಬೆಟ್ಟಗಳು ನಿಧಾನಕ್ಕೆ ಇಳಿಯುವುದಿಲ್ಲ, ಕಡಿದಾಗಿ ಲಿಬಿಯನ್ ಸಮುದ್ರಕ್ಕೆ ಧುಮುಕುತ್ತವೆ. ಹಾಗಾಗಿ ದಡದ ಉದ್ದಕ್ಕೂ ರಸ್ತೆ ಮಾಡುವುದು ಆಗಲೇ ಇಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಹೋರಾ ಸ್ಫಕಿಯೋನ್, ಲೂತ್ರೊ, ಅಯಿಯಾ ರುಮೇಲಿ, ಸೂಯಿಯಾ, ಪಲಿಯೋಹೋರಾ ಅಂತ ಊರುಗಳು ಬರುತ್ತವೆ. ಇವುಗಳಲ್ಲಿ ಲೂತ್ರೊ ಮತ್ತು ಅಯಿಯಾ ರುಮೇಲಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ದೋಣಿಯಲ್ಲಿ ಬರಬೇಕು, ಇಲ್ಲಾ ನಡೆದು ಬರಬೇಕು. ಈ ಊರುಗಳನ್ನು ಜೋಡಿಸುವ ಫೆರ್ರಿಯೇ ಅಲ್ಲಿನ ಬಸ್ಸು. ಹಾಲು, ತರಕಾರಿ, ಗ್ಯಾಸ್ ಸಿಲಿಂಡರ್, ಪ್ರವಾಸಿಗರು ಎಲ್ಲ ಅದರಲ್ಲೇ.

ನನ್ನ ಮುಖ್ಯ ಸಲಹೆ ಇಷ್ಟೇ. ಪ್ಲಾನ್ ಮಾಡುವಾಗ ಕಿಲೋಮೀಟರ್ ಲೆಕ್ಕ ಹಾಕಬೇಡಿ, ಫೆರ್ರಿ ವೇಳಾಪಟ್ಟಿ ಮತ್ತು ಬಿಸಿಲು ಇವೆರಡನ್ನು ನೋಡಿ ದಿನ ಹಂಚಿಕೊಳ್ಳಿ. ಎಂಟು ಕಿಲೋಮೀಟರ್ ಅಷ್ಟೇ ತಾನೇ ಅಂದುಕೊಂಡು ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟರೆ ಅದೇ ಎಂಟು ಕಿಲೋಮೀಟರ್ ಪ್ರಾಣ ಹಿಂಡುತ್ತದೆ.

ಎಲ್ಲಿಂದ ಶುರು ಮಾಡುವುದು? ಉತ್ತರ ಕರಾವಳಿಯ ಹನಿಯಾ ಪಟ್ಟಣಕ್ಕೆ ಅಥೆನ್ಸ್‌ನಿಂದ ವಿಮಾನ ಇದೆ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ರಾತ್ರಿ ಹೊರಟು ಬೆಳಗ್ಗೆ ತಲುಪಿಸುವ ದೊಡ್ಡ ಹಡಗೂ ಇದೆ. ಹನಿಯಾದಿಂದ ಹೋರಾ ಸ್ಫಕಿಯೋನ್‌ಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಕೊನೆಯ ಇಳಿಜಾರಿನಲ್ಲಿ ರಸ್ತೆ ಹಾವಿನಂತೆ ಸುತ್ತುತ್ತದೆ, ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ.

ಮೊದಲ ನಡಿಗೆಗೆ ಹೋರಾ ಸ್ಫಕಿಯೋನ್‌ನಿಂದ ಲೂತ್ರೊ ಸರಿಯಾದ ದಾರಿ. ಎರಡೂವರೆ ಗಂಟೆ ಸಾಕು, ಆದರೆ ನಡುವೆ ಗ್ಲಿಕಾ ನೇರಾ ಎಂಬ ಕಡಲತೀರ ಇರುವುದರಿಂದ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ಸಮುದ್ರದ ಅಂಚಿನಲ್ಲೇ ಬೆಣಚುಕಲ್ಲುಗಳ ನಡುವೆ ಕೈಯಿಂದ ಗುಂಡಿ ತೋಡಿದರೆ ಸಿಹಿನೀರು ಬರುತ್ತದೆ. ಮಾಯ ಏನಲ್ಲ. ಆ ಬೆಟ್ಟಗಳೆಲ್ಲ ಸುಣ್ಣದಕಲ್ಲು. ಮೇಲೆ ಬಿದ್ದ ಮಳೆ, ಕರಗಿದ ಹಿಮ ಎಲ್ಲ ಬಿರುಕುಗಳಲ್ಲಿ ಇಂಗಿ ಒಳಗೊಳಗೇ ಹರಿದು ಕಡಲ ಮಟ್ಟದಲ್ಲಿ ಆಚೆ ಬರುತ್ತದೆ. ಮೇಲೆ ಒಂದು ತೊರೆಯೂ ಕಾಣದೆ ಬಾಯಿ ಒಣಗಿಸಿಕೊಂಡು ನಡೆದವರಿಗೆ ಕೆಳಗೆ ತಣ್ಣನೆ ನೀರು ಸಿಗುವುದು ಅದಕ್ಕೇ. ತೀರಕ್ಕೆ ಮುಂಚೆ ದಾರಿ ಬಂಡೆಯ ಮೈಯಲ್ಲಿ ಹೋಗುತ್ತದೆ, ಒಂದು ಪಕ್ಕ ಆಳ. ಮೇಲಿನಿಂದ ಕಲ್ಲು ಉರುಳುವ ಜಾಗ ಅದು. ಮಳೆ ಬಂದು ಹೋಗಿದ್ದರೆ ಊರಿನವರನ್ನು ಕೇಳಿಕೊಂಡೇ ಹೊರಡಿ. ಎತ್ತರ ಕಂಡರೆ ತಲೆ ಸುತ್ತುವವರು ಫೆರ್ರಿ ಹಿಡಿಯುವುದು ಒಳ್ಳೆಯದು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಲೂತ್ರೊದಲ್ಲಿ ಎರಡು ಮೂರು ರಾತ್ರಿ ಉಳಿಯಿರಿ. ಬಿಳಿ ಗೋಡೆ, ನೀಲಿ ಬಾಗಿಲಿನ ಪುಟ್ಟ ಊರು, ಹಿಂದೆ ಬೆಟ್ಟ ಗೋಡೆ ಕಟ್ಟಿದಂತೆ ನಿಂತಿದೆ. ಪ್ರವಾಸಿಗರೇ ತುಂಬಿರುತ್ತಾರೆ ನಿಜ, ಆದರೆ ವಾಹನದ ಸದ್ದು ಇಲ್ಲ. ಉಳಿದುಕೊಳ್ಳಲು ಹೇಳುತ್ತಿರುವುದು ಊರು ಚೆಂದ ಅಂತ ಮಾತ್ರ ಅಲ್ಲ. ಒಳ್ಳೆಯ ನಡಿಗೆಗಳೆಲ್ಲ ಅಲ್ಲಿಂದ ಹೊರಟು ಅಲ್ಲಿಗೇ ಬರುತ್ತವೆ.

ಅದರಲ್ಲಿ ನನಗೆ ಅತಿ ಇಷ್ಟವಾದದ್ದು ಅನೋಪೊಲಿ, ಅರದೇನಾ, ಮಾರ್ಮರಾ ಸುತ್ತು. ಅನೋಪೊಲಿ ಇರುವುದು ಲೂತ್ರೊದ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದ ಬಯಲಿನಲ್ಲಿ. ಅಂಕುಡೊಂಕಿನ ಹಳೆಯ ಕಾಲುದಾರಿಯಲ್ಲಿ ಬೆಳಗಿನ ಜಾವವೇ ಹತ್ತಿಬಿಡಬೇಕು. ಬೇಡ ಅನ್ನಿಸಿದರೆ ಹೋರಾ ಸ್ಫಕಿಯೋನ್‌ನಿಂದ ಟ್ಯಾಕ್ಸಿಯಲ್ಲಿ ಮೇಲೆ ಹೋಗಿ, ನಡೆದು ಇಳಿಯಿರಿ. ಊರಿನ ಚೌಕದಲ್ಲಿ ದಸ್ಕಲೊಯಾನಿಸ್ ಪ್ರತಿಮೆ ಇದೆ. 1770ರಲ್ಲಿ ಆಟೊಮನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದ ಇದೇ ಊರಿನ ಹಡಗು ಮಾಲೀಕ ಅವನು. ರಷ್ಯಾದಿಂದ ಸಹಾಯ ಬರುತ್ತದೆ ಅಂತ ನಂಬಿದ್ದ, ಬರಲಿಲ್ಲ. ಮರುವರ್ಷ ಹೆರಾಕ್ಲಿಯೋನ್‌ನಲ್ಲಿ ಅವನ ಚರ್ಮ ಸುಲಿದು ಕೊಂದರು. ನೀವು ವಿಮಾನ ಇಳಿಯುವ ಹನಿಯಾ ನಿಲ್ದಾಣಕ್ಕೂ ಅವನದೇ ಹೆಸರು.

ಅಲ್ಲಿಂದ ಒಂದು ಗಂಟೆ ನಡೆದರೆ ಅರದೇನಾ. ಇದು ಪಾಳು ಬಿದ್ದ ಹಳ್ಳಿ. ಕಳೆದ ಶತಮಾನದ ನಡುವಿನಲ್ಲಿ ಮನೆತನಗಳ ನಡುವೆ ಶುರುವಾದ ಸೇಡಿನ ಕೊಲೆಗಳಿಂದ ಜನ ಊರನ್ನೇ ಬಿಟ್ಟು ಹೋದರು. ಕಲ್ಲಿನ ಮನೆಗಳು, ಕಮಾನುಗಳು, ಒಳಗೆ ಬೆಳೆದ ಅಂಜೂರದ ಗಿಡಗಳು ಉಳಿದಿವೆ, ಕಮರಿಯ ಅಂಚಿನಲ್ಲಿ ಒಂದು ಹಳೆಯ ಚರ್ಚೂ ಇದೆ. ಎದುರಿಗೇ ಕಮರಿಯ ಮೇಲೆ 138 ಮೀಟರ್ ಎತ್ತರದಲ್ಲಿ 1986ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆ. ವಾಹನ ಹೋದಾಗ ಹಲಗೆಗಳು ಗುಡುಗಿದಂತೆ ಸದ್ದು ಮಾಡುತ್ತವೆ. ಸೇತುವೆ ಬರುವ ಮೊದಲು ಆ ಕಡೆಯವರು ಈ ಕಡೆಗೆ ಬರಬೇಕಾದರೆ ಕತ್ತೆ ಹೊಡೆದುಕೊಂಡು ಕಮರಿಗೆ ಇಳಿದು ಮತ್ತೆ ಹತ್ತಬೇಕಿತ್ತು. ಅದೇ ಕಲ್ಲುಹಾಸಿನ ದಾರಿಯಲ್ಲಿ ಇಳಿದು, ಕಮರಿಯ ತಳದಲ್ಲೇ ಬಂಡೆಗಳ ನಡುವೆ ಮೂರು ಗಂಟೆ ನಡೆದರೆ ಮಾರ್ಮರಾ ಕಡಲತೀರ. ನಡುವೆ ಕಬ್ಬಿಣದ ಏಣಿ ಇರುವ ಕಡೆ ಪಕ್ಕದಿಂದ ಸುತ್ತಿ ಹೋಗುವ ದಾರಿಯೂ ಇದೆ. ಮಾರ್ಮರಾದಿಂದ ಲೂತ್ರೊಗೆ ಇನ್ನೂ ಒಂದೂವರೆ ಗಂಟೆ. ಕಾಲು ಸೋತಿದ್ದರೆ ಸೀಸನ್ನಿನಲ್ಲಿ ಸಣ್ಣ ದೋಣಿ ಬರುತ್ತದೆ. ಇಡೀ ದಿನದ ಕೆಲಸ ಇದು. ಕುಮಾರಪರ್ವತ ಹತ್ತಿ ಇಳಿದವರಿಗೆ ಕಷ್ಟ ಆಗುವುದಿಲ್ಲ, ಆದರೆ ಅಲ್ಲಿ ಸಿಗುವ ಕಾಡಿನ ನೆರಳು ಇಲ್ಲಿಲ್ಲ ಅನ್ನುವುದು ನೆನಪಿರಲಿ.

ಸಮರಿಯಾ ಕಮರಿಯ ಬಗ್ಗೆ ಹೇಳಲೇಬೇಕು, ಎಲ್ಲರೂ ಅದಕ್ಕೇ ಹೋಗುವುದು. 1962ರಿಂದ ರಾಷ್ಟ್ರೀಯ ಉದ್ಯಾನ, ಆಗಲೇ ಒಳಗಿದ್ದ ಸಮರಿಯಾ ಹಳ್ಳಿಯವರನ್ನು ಹೊರಗೆ ಕಳಿಸಿದರು. ಮೇಲೆ ಓಮಲೋಸ್ ಬಯಲಿನ ಅಂಚಿನಲ್ಲಿ ಸುಮಾರು 1200 ಮೀಟರ್ ಎತ್ತರದಿಂದ ಶುರುವಾಗಿ, 16 ಕಿಲೋಮೀಟರ್ ಇಳಿದು ಅಯಿಯಾ ರುಮೇಲಿಯ ಸಮುದ್ರಕ್ಕೆ ಮುಟ್ಟುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ, ಮಳೆ ಬಂದರೂ ವಿಪರೀತ ಸೆಕೆ ಇದ್ದರೂ ಮುಚ್ಚುತ್ತಾರೆ. ಕೆಳಗಿನ ಭಾಗದಲ್ಲಿ ಎರಡೂ ಕಡೆ ಸುಮಾರು 300 ಮೀಟರ್ ಗೋಡೆ, ನಡುವೆ ಕೆಲವೇ ಮೀಟರ್ ಜಾಗ. ಅದ್ಭುತ ಅನ್ನುವುದರಲ್ಲಿ ಸಂಶಯ ಇಲ್ಲ. ಆದರೆ ಬೇಸಿಗೆಯಲ್ಲಿ ಜಾತ್ರೆ! ಹನಿಯಾದಿಂದ ಬೆಳಗಿನ ಬಸ್ಸು, ಐದಾರು ಗಂಟೆ ಇಳಿತ, ಸಂಜೆಯ ಫೆರ್ರಿ, ರಾತ್ರಿಯ ಬಸ್ಸು ಅಂತ ಒಂದೇ ದಿನದಲ್ಲಿ ಮುಗಿಸುವವರೇ ಎಲ್ಲ. ಹಾಗೆ ಮಾಡಬೇಡಿ. ಅಯಿಯಾ ರುಮೇಲಿಯಲ್ಲೇ ರಾತ್ರಿ ತಂಗಿ. ಸಂಜೆಯ ಫೆರ್ರಿ ಹೊರಟಿತೆಂದರೆ ಊರು ಖಾಲಿ. ಮಂಡಿ ನೋವು ಇರುವವರು ಸಮರಿಯಾ ಬಿಡುವುದೇ ಮೇಲು. ಹತ್ತುವುದು ಇಲ್ಲ ಅಂತ ಎಲ್ಲರೂ ಇದನ್ನು ಸುಲಭ ಅಂದುಕೊಳ್ಳುತ್ತಾರೆ, ಆದರೆ 1200 ಮೀಟರ್ ಕಲ್ಲಿನ ಮೇಲೆ ಇಳಿಯುವುದು ಹತ್ತುವುದಕ್ಕಿಂತ ಕೆಟ್ಟದ್ದು. ಅವರಿಗೆ ಇಂಬ್ರೋಸ್ ಕಮರಿ ಸಾಕು. ಎಂಟು ಕಿಲೋಮೀಟರ್, ಎರಡು ಮೂರು ಗಂಟೆ, ಹನಿಯಾದಿಂದ ಬರುವ ಬಸ್ಸೇ ಮೇಲಿನ ಬಾಯಿಯಲ್ಲಿ ಇಳಿಸುತ್ತದೆ. 1941ರ ಮೇ ಕೊನೆಯಲ್ಲಿ ಜರ್ಮನ್ನರಿಗೆ ಸೋತ ಮಿತ್ರಪಡೆಗಳು ಹೋರಾ ಸ್ಫಕಿಯೋನ್‌ನಲ್ಲಿ ಹಡಗು ಹತ್ತಲು ಇಳಿದು ಹೋದದ್ದು ಈ ಭಾಗದಿಂದಲೇ.

ಅಯಿಯಾ ರುಮೇಲಿಯಿಂದ ಲೂತ್ರೊಗೆ ಕಡಲ ಪಕ್ಕದಲ್ಲೇ ಆರು ಗಂಟೆಯ ದಾರಿ ಇದೆ. ನಡುವೆ ದಡದ ಕಲ್ಲಿನಿಂದಲೇ ಕಟ್ಟಿದ ಸಂತ ಪೌಲನ ಹಳೆಯ ಗುಡಿ ಸಿಗುತ್ತದೆ. ಇದು ಇ4 ಎಂಬ, ಯುರೋಪಿನ ಹಲವು ದೇಶಗಳನ್ನು ದಾಟುವ ಉದ್ದನೆಯ ಕಾಲುದಾರಿಯ ಭಾಗ, ಗುರುತಿಗೆ ಹಳದಿ ಕಪ್ಪು ಬಣ್ಣದ ಫಲಕಗಳಿವೆ. ಆದರೆ ಅದೇ ಇ4 ಅಯಿಯಾ ರುಮೇಲಿಯಿಂದ ಪಶ್ಚಿಮಕ್ಕೆ ಸೂಯಿಯಾ ಕಡೆ ಹೋಗುತ್ತದಲ್ಲ, ಅದಕ್ಕೆ ಮಾತ್ರ ಕೈ ಹಾಕಬೇಡಿ. ನಕ್ಷೆಯಲ್ಲಿ ಎರಡೂ ಒಂದೇ ಥರದ ಗೆರೆ. ನೆಲದ ಮೇಲೆ ಪಶ್ಚಿಮದ ಕಡೆಯದು ನೀರಿಲ್ಲದ, ಮೊಬೈಲ್ ಸಿಗ್ನಲ್ ಇಲ್ಲದ, ದಾರಿ ತಪ್ಪಿದರೆ ಬಂಡೆಯ ತುದಿಗೆ ಹೋಗಿ ನಿಲ್ಲಿಸುವ ದಾರಿ. ಆ ತುಂಡನ್ನು ಫೆರ್ರಿಯಲ್ಲಿ ದಾಟಿ. ಸೂಯಿಯಾದಿಂದ ಲಿಸ್ಸೋಸ್ ಎಂಬ ಪ್ರಾಚೀನ ಚಿಕಿತ್ಸಾ ಕ್ಷೇತ್ರಕ್ಕೆ ಒಂದೂವರೆ ಗಂಟೆಯ ಹಾಯಾದ ನಡಿಗೆ ಇದೆ, ಅದು ಆಗಬಹುದು. ಆ ಭಾಗದಲ್ಲಿ ಬಂಡೆಗಳ ಮೇಲೆ, ನೀರಿಗಿಂತ ಎಷ್ಟೋ ಎತ್ತರದಲ್ಲಿ, ಹಳೆಯ ಕಡಲ ಮಟ್ಟದ ಗೆರೆ ಕಾಣುತ್ತದೆ. ಕ್ರಿ.ಶ. 365ರ ಭೂಕಂಪದಲ್ಲಿ ದ್ವೀಪದ ಪಶ್ಚಿಮದ ತುದಿ 9 ಮೀಟರ್‌ವರೆಗೂ ಮೇಲೆದ್ದಿತ್ತು.

ಯಾವಾಗ ಹೋಗುವುದು? ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ನಮ್ಮ ಮಕ್ಕಳ ಬೇಸಿಗೆ ರಜೆಯ ಕೊನೆಯ ಭಾಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಜುಲೈ, ಆಗಸ್ಟ್ ಬೇಡ. ನಾವು ಬಿಸಿಲು ನಾಡಿನವರು, ನಮಗೇನು ಅಂತ ಹೇಳುವವರಿದ್ದಾರೆ. 2024ರ ಜೂನ್‌ನಲ್ಲಿ ಗ್ರೀಸ್‌ನ ಬೇರೆ ಬೇರೆ ದ್ವೀಪಗಳಲ್ಲಿ ಸೆಕೆಯ ದಿನಗಳಲ್ಲಿ ಒಬ್ಬೊಬ್ಬರೇ ನಡೆಯಲು ಹೋದ ಹಲವು ಪ್ರವಾಸಿಗರು ಸತ್ತರು. ಬಿಳಿ ಸುಣ್ಣದಕಲ್ಲು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ತಲಾ ಎರಡು ಮೂರು ಲೀಟರ್ ನೀರು, ಅಗಲ ಅಂಚಿನ ಟೋಪಿ, ಹಿಡಿತ ಇರುವ ಶೂ ಬೇಕೇ ಬೇಕು. ತುರ್ತು ಸಂಖ್ಯೆ 112.

ಊಟದ ವಿಷಯ. ಇಲ್ಲಿ ಭಯ ಬೇಡ. ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಉಪವಾಸ ಮಾಡುತ್ತಾರೆ, ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಕಾಳಿನ ಅಡುಗೆ ಅವರಿಗೆ ಹೊಸದಲ್ಲ. ಬೇಯಿಸಿದ ಕಾಡುಸೊಪ್ಪಿಗೆ ನಿಂಬೆ ಹಿಂಡಿದ ಹೋರ್ತಾ, ಟೊಮೆಟೊದಲ್ಲಿ ಬೆಂದ ದೊಡ್ಡ ಬಿಳಿ ಕಾಳು ಗಿಗಾಂತೆಸ್, ಗಟ್ಟಿ ತೊವ್ವೆಯಂತಿರುವ ಫಾವಾ, ಬಾರ್ಲಿ ರಸ್ಕಿನ ಮೇಲೆ ಟೊಮೆಟೊ, ಚೀಸ್ ಹಾಕಿದ ದಾಕೋಸ್. ಹೋರಾ ಸ್ಫಕಿಯೋನ್ ಸುತ್ತಿನ ಸ್ಫಕಿಯಾ ಸೀಮೆಯ ಹೆಸರಿರುವ ತೆಳ್ಳಗಿನ ಚೀಸ್ ರೊಟ್ಟಿಗೆ ಜೇನುತುಪ್ಪ ಸುರಿದು ಕೊಡುತ್ತಾರೆ, ಅದನ್ನು ಬಿಡಬೇಡಿ. ಎರಡು ಎಚ್ಚರಿಕೆ ಹೇಳಬೇಕು. 'ನಿಸ್ತೀಸಿಮೊ', ಅಂದರೆ ಉಪವಾಸದ ಅಡುಗೆ, ಕೊಡಿ ಅಂತ ಕೇಳಿದರೆ ಸೀಗಡಿ, ಆಕ್ಟೋಪಸ್ ಬರಬಹುದು, ಅವರ ಲೆಕ್ಕದಲ್ಲಿ ಅದು ಉಪವಾಸಕ್ಕೆ ಆಗುತ್ತದೆ. ತುಂಬಿದ ಟೊಮೆಟೊ, ಕ್ಯಾಪ್ಸಿಕಂನಲ್ಲಿ ಕೆಲವೊಮ್ಮೆ ಖೀಮಾ ಇರುತ್ತದೆ. ಕೇಳಿಯೇ ತಿನ್ನಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ಸಲಾಡ್, ಹಣ್ಣು, ಬ್ರೆಡ್ಡೇ ಗತಿ.

ಊಟ ಮುಗಿದ ಮೇಲೆ ಬಿಲ್ಲಿನ ಜೊತೆ ಸಣ್ಣ ಲೋಟದಲ್ಲಿ ರಾಕಿ ತಂದಿಡುತ್ತಾರೆ. ಅದು ಸಾರಾಯಿ, ನೀರಲ್ಲ! ಕುಡಿಯದವರು ಎದೆಯ ಮೇಲೆ ಕೈಯಿಟ್ಟು ನಗುತ್ತಾ ಬೇಡ ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಳ್ಳಿಯ ಕಾಫಿ ಅಂಗಡಿಯಲ್ಲಿ ಕೂತ ಹಿರಿಯರಿಗೆ 'ಯಾ ಸಾಸ್' ಅಂತ ನಮಸ್ಕಾರ ಹೇಳಿ. ಮೊದಲು ನೀವೇ ಹೇಳಬೇಕು, ಬಂದವರು ಹೇಳುವುದು ಅಲ್ಲಿನ ರೂಢಿ. ಕೇಳದೆ ಫೋಟೊ ತೆಗೆಯಬೇಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಮಲಗಿರುತ್ತದೆ, ಗಲಾಟೆ ಬೇಡ. ದಾರಿಯಲ್ಲಿ ತಂತಿ ಕಟ್ಟಿದ ಗೇಟುಗಳು ಸಿಗುತ್ತವೆ, ಆಡು ಕುರಿಗಳಿಗಾಗಿ. ತೆರೆದು ದಾಟಿ ಮತ್ತೆ ಮುಚ್ಚಿ. ರಸ್ತೆ ಫಲಕಗಳಲ್ಲಿ ಗುಂಡಿನ ತೂತುಗಳನ್ನು ಕಂಡು ಹೆದರಬೇಡಿ, ಫಲಕವನ್ನು ಗುರಿಯಾಗಿಸಿ ಹೊಡೆಯುವ ಚಾಳಿ ಅಲ್ಲಿ ಹಳೆಯದು, ಪ್ರವಾಸಿಗರ ಮೇಲೆ ಸಿಟ್ಟಿಲ್ಲ.

ಷೆಂಗನ್ ವೀಸಾ ಬೇಕು, ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ. ಬೆಟ್ಟ ನಡಿಗೆಯಲ್ಲಿ ಆದ ಗಾಯಕ್ಕೂ ವಿಮೆ ಅನ್ವಯಿಸುತ್ತದಾ ಅಂತ ಪಾಲಿಸಿ ಓದಿ ನೋಡಿ. ಹಳ್ಳಿಗಳಿಗೆ ಹೊರಡುವ ಮೊದಲು ಹನಿಯಾದಲ್ಲೇ ನಗದು ತೆಗೆದಿಟ್ಟುಕೊಳ್ಳಿ.

ಕೊನೆಯದಾಗಿ ಗಾಳಿ. ಜೋರು ಗಾಳಿ ಬೀಸಿದರೆ ಫೆರ್ರಿ ಬಿಡುವುದಿಲ್ಲ, ಒಂದೊಂದು ಸಲ ಇಡೀ ದಿನ. ಆದ್ದರಿಂದ ವಾಪಸ್ ವಿಮಾನದ ಹಿಂದಿನ ರಾತ್ರಿ ಹನಿಯಾದಲ್ಲೇ ಇರುವಂತೆ ಪ್ಲಾನ್ ಮಾಡಿ, ಕೊನೆಯ ಹಳ್ಳಿ ಲೂತ್ರೊ ಆಗಿರಲಿ, ಅಯಿಯಾ ರುಮೇಲಿ ಬೇಡ. ಲೂತ್ರೊದಲ್ಲಿ ಸಿಕ್ಕಿಕೊಂಡರೆ ಎರಡೂವರೆ ಗಂಟೆ ನಡೆದು ಬಸ್ಸು ಹಿಡಿಯಬಹುದು, ಬಂಡೆಯ ಆ ಭಾಗದಲ್ಲಿ ಗಾಳಿಗೆ ಹುಷಾರಾಗಿ ಹೋಗಬೇಕು ಅಷ್ಟೇ. ಹಾಗೆ ನಡೆಯುವ ಸಂದರ್ಭ ಬಂದರೆ ಚಕ್ರದ ಸೂಟ್‌ಕೇಸ್ ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಸಾಮಾನನ್ನು ಹನಿಯಾದ ಹೋಟೆಲಿನಲ್ಲಿ ಬಿಟ್ಟು, ಬೆನ್ನಿಗೆ ಹಾಕಿಕೊಳ್ಳುವ ಒಂದು ಬ್ಯಾಗು ಮಾತ್ರ ತನ್ನಿ.