ಎರಡು ಮನೆ, ಒಂದು ತಾಯಿ ಕಾರ್ಡ್

ಕಳೆದ ಮಳೆಗಾಲದಲ್ಲಿ ಕಾರವಾರದ ತಂದೆಯೊಬ್ಬರು ಜ್ವರ ಬಂದು ಮೈಮೇಲೆ ಕೆಂಪು ದದ್ದು ಎದ್ದಿದ್ದ ಎರಡೂವರೆ ವರ್ಷದ ಮಗಳನ್ನು ಕುಮಟಾದ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಕೊನೆಯ ಲಸಿಕೆ ಯಾವಾಗ ಹಾಕಿಸಿದ್ದು ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ವಿಚ್ಛೇದನದ ಬಳಿಕ ಮಗು ತಾಯಿಯೊಂದಿಗೆ ಶಿರಸಿಯ ಕಡೆ ಇದೆ. ತಿಂಗಳಿಗೆರಡು ಸಲ ಘಟ್ಟ ಇಳಿದು ತಂದೆಯ ಮನೆಗೆ ಬರುತ್ತದೆ. ತಾಯಿಗೆ ಫೋನ್ ಮಾಡಿಸಿದಾಗ ಗೊತ್ತಾಯಿತು, ಮನೆಯ ಗೊಂದಲದಲ್ಲಿ ತಪ್ಪಿಹೋಗಿದ್ದ ದಡಾರ-ರುಬೆಲ್ಲಾ ಮೊದಲ ಡೋಸನ್ನು ಹಿಂದಿನ ವಾರದ ಗುರುವಾರ ಹಾಕಿಸಲಾಗಿತ್ತು. ತಂದೆಯ ಸಿಟ್ಟು ಲಸಿಕೆಯ ಮೇಲಿರಲಿಲ್ಲ, ತನಗೆ ಯಾರೂ ಹೇಳಲಿಲ್ಲವೆಂಬುದಕ್ಕಿತ್ತು.

ಇದರಲ್ಲಿ ವೈದ್ಯಕೀಯವಾದ ಒಂದು ಸೂಕ್ಷ್ಮವಿದೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಅಥವಾ ಅದಕ್ಕೆ ಇನ್ನೆರಡು ಸೇರಿಸಿದ ಪೆಂಟಾವೇಲೆಂಟ್ ಲಸಿಕೆ ಹಾಕಿಸಿದರೆ ಜ್ವರ ಬರುವುದು ಸಾಮಾನ್ಯವಾಗಿ ಮೊದಲ 2 ದಿನಗಳಲ್ಲಿ, ಅಂದರೆ ಹಾಕಿಸಿದವರ ಮನೆಯಲ್ಲಿಯೇ. ದಡಾರದ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣುವಾದ್ದರಿಂದ ಅದರ ಜ್ವರವೂ ದದ್ದೂ ಕೆಲವು ಮಕ್ಕಳಲ್ಲಿ 7ರಿಂದ 12 ದಿನಗಳ ನಡುವೆ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಮಗು ಇನ್ನೊಂದು ಮನೆ ಸೇರಿರುತ್ತದೆ. ಆದ್ದರಿಂದ ಬೇರೆಯಾದ ಪೋಷಕರಿಗೆ ನಾನು ಹೇಳುವುದಿಷ್ಟೇ: ಮಾತು ಬೇಡವೆನಿಸಿದರೂ ತಾಯಿ ಕಾರ್ಡಿನ, ಅಂದರೆ ಮಗುವಿನ ಲಸಿಕೆಗಳನ್ನು ಬರೆದಿಡುವ ಸರ್ಕಾರಿ ಕಾರ್ಡಿನ, ಫೋಟೋ ಒಂದು ಅದೇ ದಿನ ಆ ಮನೆಗೂ ಹೋಗಲಿ.

ಒಪ್ಪಿಗೆ ಯಾರದು ಎಂಬ ಪ್ರಶ್ನೆ ನಮ್ಮ ಜನರು ಭಾವಿಸುವಷ್ಟು ಕಗ್ಗಂಟಲ್ಲ. 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದುದ್ದೇಶದಿಂದ ಮಾಡುವ ಚಿಕಿತ್ಸೆಗೆ ಪೋಷಕರ ಅಥವಾ ಮಗುವನ್ನು ಕಾನೂನುಬದ್ಧವಾಗಿ ನೋಡಿಕೊಳ್ಳುತ್ತಿರುವವರ ಒಪ್ಪಿಗೆಯನ್ನು ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮು ಮಾನ್ಯ ಮಾಡುತ್ತದೆ. ಹಾಗಾಗಿ ಸರ್ಕಾರದ ವೇಳಾಪಟ್ಟಿಯಲ್ಲಿರುವ ಲಸಿಕೆಗೆ ನಾನು ಎರಡು ಸಹಿ ಕೇಳುವುದಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನು, ‘ಅವನ ನಂತರ’ ತಾಯಿಯನ್ನು ಸಹಜ ಪೋಷಕರೆಂದು ಹೇಳುತ್ತದೆ ಎಂದು ವಾದಿಸುವ ಅಜ್ಜಂದಿರು ಈಗಲೂ ಸಿಗುತ್ತಾರೆ. ಆ ‘ನಂತರ’ಕ್ಕೆ ತಂದೆ ತೀರಿಕೊಂಡ ಮೇಲೆ ಎಂದಷ್ಟೇ ಅರ್ಥ ಮಾಡಬಾರದೆಂದು ಸುಪ್ರೀಂ ಕೋರ್ಟು 1999ರಲ್ಲಿಯೇ ಹೇಳಿಯಾಗಿದೆ.

ಕಷ್ಟವಾಗುವುದು ಒಬ್ಬರು ಖಂಡಿತ ಬೇಡವೆಂದು ಬರೆದುಕೊಟ್ಟಾಗ. ಆಗ ತುರ್ತು ಇಲ್ಲದಿದ್ದರೆ ನಾನು ಸಿರಿಂಜ್ ಎತ್ತಿಕೊಳ್ಳುವುದಿಲ್ಲ. ಇಬ್ಬರನ್ನೂ ಕರೆಯುತ್ತೇನೆ, ಬಾರದಿದ್ದರೆ ಬೇರೆಬೇರೆಯಾಗಿಯಾದರೂ ಮಾತನಾಡುತ್ತೇನೆ. ‘ಬೇಡ’ದ ಹಿಂದೆ ಹೆಚ್ಚಾಗಿ ಇರುವುದು ಹಿಂದೊಮ್ಮೆ ಊದಿಕೊಂಡ ತೊಡೆ, ಇಲ್ಲವೇ ವಾಟ್ಸ್ಆ್ಯಪ್ಪಿನಲ್ಲಿ ಬಂದ ಒಂದು ವಿಡಿಯೊ. ಆದರೂ ಒಮ್ಮತ ಬಾರದಿದ್ದರೆ ನನ್ನ ಅಭಿಪ್ರಾಯವನ್ನು ಕಾರಣಸಹಿತ ಬರೆದುಕೊಡುತ್ತೇನೆ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನ ಪ್ರಕಾರ ವಿಚ್ಛೇದನದ ತೀರ್ಪು (ಡಿಕ್ರಿ) ಆದ ಮೇಲೂ ಮಕ್ಕಳ ಪಾಲನೆಯ ಕುರಿತು ಆದೇಶ ಕೋರಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅಲ್ಲಿ ತೂಗಿ ನೋಡುವುದು ಮಗುವಿನ ಹಿತವನ್ನು. ಆದರೆ ದಿನಾಂಕಗಳ ಮೇಲೆ ದಿನಾಂಕ ಬೀಳುವಷ್ಟರಲ್ಲಿ ದಡಾರಕ್ಕೆ ತುತ್ತಾಗಬಲ್ಲ ವಯಸ್ಸು ಹಾಗೆಯೇ ನಡೆದಿರುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಚೌತಿಗೆ ಮಗು ಯಾರ ಮನೆಯಲ್ಲಿ ಎಂಬುದನ್ನೂ ಬರೆದುಕೊಂಡವರನ್ನು ಕಂಡಿದ್ದೇನೆ. ವೇಳಾಪಟ್ಟಿಯ ಲಸಿಕೆಗಳನ್ನು ಮಗು ಇರುವ ಕಡೆ ಹಾಕಿಸತಕ್ಕದ್ದು ಎಂಬ ಒಂದು ಸಾಲನ್ನು ಬರೆಸಿದವರನ್ನು ಇನ್ನೂ ಕಂಡಿಲ್ಲ.

ತಪ್ಪಿದ ಡೋಸಿಗಾಗಿ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಆ ಮಗುವಿನ ದದ್ದು ಎರಡೇ ದಿನದಲ್ಲಿ ಇಳಿಯಿತು. ಎರಡನೆಯ ಡೋಸಿಗೆ ಕನಿಷ್ಠ 4 ವಾರಗಳ ಅಂತರವಿರಬೇಕೆಂದಾಗ, ಅದನ್ನು ಕಾರವಾರದಲ್ಲಿಯೇ ಹಾಕಿಸಬಹುದೇ ಎಂದು ತಂದೆ ಕೇಳಿದರು. ಧಾರಾಳವಾಗಿ ಹಾಕಿಸಬಹುದು, ತಾಯಿ ಕಾರ್ಡ್ ಮಾತ್ರ ಮಗುವಿನ ಚೀಲದಲ್ಲಿಯೇ ಘಟ್ಟ ಇಳಿದು ಬರಲಿ ಎಂದೆ.